ಆರುನೂರು ಚಮಚಗಳ ಹೊಳಪು

ಬೆಳಗಿನ ಐದು ಗಂಟೆ. ಕೊಯ್ಲು ಮುಗಿದ ಭತ್ತದ ಗದ್ದೆಗಳ ಆಚೆ ಯಾಹಿಕೊ ಗುಡ್ಡ ಮಂಜು ಹೊದ್ದು ಮಲಗಿದೆ. ತ್ಸುಬಾಮೆ ಊರಿನ ಹಿಂದಿನ ಓಣಿಯಲ್ಲಿ ಒಂದೇ ಒಂದು ತಗಡಿನ ಶೆಡ್ಡಿಗೆ ದೀಪ ಹತ್ತಿದೆ. ಒಳಗೆ ಎಪ್ಪತ್ತೆರಡರ ಕುಮಾಕುರಾ ಮಿಸಾವೊ ತಲೆಗೆ ಟವೆಲು ಬಿಗಿದು, ಮೂಗಿನ ಮೇಲೆ ಎರಡು ಮಾಸ್ಕ್ ಏರಿಸಿ, ಮೋಟಾರಿನ ಮುಂದಿನ ಮೋಟು ಸ್ಟೂಲಿನ ಮೇಲೆ ಕೂತಿದ್ದಾರೆ. ಸ್ವಿಚ್ಚು ಒತ್ತಿದ್ದೇ ತಡ, ಹತ್ತಾರು ಪದರದ ಬಟ್ಟೆಯ ಚಕ್ರ ಗುಂಯ್ಯೆಂದು ತಿರುಗತೊಡಗುತ್ತದೆ. ಚಕ್ರಕ್ಕೆ ಪಾಲಿಶ್ ಮೇಣ ತಾಗಿಸಿ, ಮರದ ಹಿಡಿಗೆ ಸಿಕ್ಕಿಸಿದ ಚಮಚವನ್ನು ಅದಕ್ಕೆ ಒತ್ತುತ್ತಾರೆ. ಮೊದಲು ಬಟ್ಟಲು, ಆಮೇಲೆ ಬೆನ್ನು, ಕುತ್ತಿಗೆ, ಹಿಡಿಕೆ, ಅಂಚು. ಬೂದು ಬಣ್ಣದ ಉಕ್ಕು ಕಣ್ಣೆದುರೇ ಕನ್ನಡಿಯಾಗುತ್ತದೆ. ಕನ್ನಡಿಯೊಳಗೆ ಮಿಸಾವೊ ಮುಖ ತಲೆಕೆಳಗಾಗಿ ಕಾಣುತ್ತದೆ. ಚಮಚ ಬೆಳ್ಳಗಾದಷ್ಟೂ ಆ ಮುಖ ಕಪ್ಪಾಗುತ್ತ ಹೋಗುತ್ತದೆ.

ಏಳು ಗಂಟೆಯ ಹೊತ್ತಿಗೆ ಐವತ್ತು ಚಮಚ. ಅಲ್ಲಿಗೆ ಮೋಟಾರು ನಿಲ್ಲಿಸುತ್ತಾರೆ. ಈಗ ಶುರುವಾಗುವುದು ಈ ಊರಿನಲ್ಲಿ ಬೇರೆ ಯಾರೂ ಮಾಡದ ಕೆಲಸ. ಚಹಾದ ಹಳೇ ಡಬ್ಬಿಯಿಂದ ಬಳಸಿ ಬಳಸಿ ಸವೆದ ಒಂದು ಚಮಚ ತೆಗೆದು ಮಗುಚಿ ಹಿಡಿಯುತ್ತಾರೆ. ಬಿದಿರಿನ ಚಕ್ಕೆಗೆ ಸುತ್ತಿದ ನಯವಾದ ಉಜ್ಜುಕಾಗದದಿಂದ ಹಿಡಿಕೆಯ ಅಡಿಭಾಗದಲ್ಲಿ, ಹೆಬ್ಬೆರಳಿನ ಉಗುರಿನಷ್ಟೇ ಜಾಗದಲ್ಲಿ, ಒಂದೇ ದಿಕ್ಕಿಗೆ ಎಳೆಯುತ್ತಾರೆ. ಒಂದು, ಎರಡು, ಮೂರು. ಏಳಕ್ಕೆ ನಿಲ್ಲಿಸುತ್ತಾರೆ. ಅಲ್ಲಿ ಹೊಳಪು ಹೋಗಿ ಮೀನಿನ ಹೊಟ್ಟೆಯಂಥ ಮಂಕು ಬಂದಿದೆ.

"ಎಂಟನೇದು ಎಳೆದ್ರೆ ಗೀರಾಗತ್ತೆ. ಆರಕ್ಕೆ ಬಿಟ್ರೆ ಇನ್ನೂ ಜಾರತ್ತೆ," ಎನ್ನುತ್ತಾರೆ ಮಿಸಾವೊ, ಮಾಸ್ಕ್ ಕೆಳಗಿಳಿಸಿ. ಮೂಗು ಬಾಯಿ ಮಾತ್ರ ಬೆಳ್ಳಗೆ, ಉಳಿದದ್ದೆಲ್ಲ ಮಸಿ. "ಐವತ್ಮೂರು ವರ್ಷ ಹೊಳಪು ಕೊಟ್ಟು ಹೊಟ್ಟೆ ಹೊರ್ದೆ. ಈಗ ಕೂತ್ಕೊಂಡು ಹೊಳಪು ತೆಗೀತಿದೀನಿ. ನೋಡಿದವ್ರು ಮುದುಕಿಗೆ ಅರಳುಮರಳು ಅಂತಾರೆ. ಅನ್ಲಿ ಬಿಡಿ."

ಅಷ್ಟರಲ್ಲಿ ಅಡುಗೆಮನೆ ಕಡೆಯಿಂದ ಒಂದು ನಿಧಾನದ ದನಿ ಬರುತ್ತದೆ. "ಚಕ್ರ ಮುದ್ದಾಡಿದ್ದು ಸಾಕಾಗ್ಲಿಲ್ವಾ? ಇಲ್ಲಿ ಗಂಜಿ ಆರ್ತಿದೆ."

"ಆರಿದ್ರೆ ಬಾಯಿ ಸುಡಲ್ಲ. ಸುಮ್ನಿರಿ, ಬಂದೆ."

ದನಿ ಗಂಡ ಎಯ್ಕಿಚಿ ಅವರದು. ವಯಸ್ಸು ಎಪ್ಪತ್ತಾರು. ಒಂಬತ್ತು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಬಲಗೈ ಅರ್ಧ ಸತ್ತಂತಾಗಿದೆ. ಮಾತು ನಿಧಾನವಾಗಿದೆಯೇ ಹೊರತು ಮೊನಚು ಕಡಿಮೆಯಾಗಿಲ್ಲ. ಮಿಸಾವೊ ಈಗಷ್ಟೇ ಮಂಕು ಮಾಡಿದ ಚಮಚವನ್ನು ತೊಳೆದು ಆ ಬಲಗೈಗೇ ಕೊಡುತ್ತಾರೆ. ಅವರು ಗಂಜಿಯಲ್ಲಿ ಅದ್ದಿ, ಉಪ್ಪಿನಲ್ಲಿ ಹಾಕಿದ ಉಮೆ ಎಂಬ ಹುಳಿಹಣ್ಣಿನ ಒಂದು ತುಣುಕು ಸೇರಿಸಿ, ನಡುಗುತ್ತ ಬಾಯಿಗೆ ಒಯ್ಯುತ್ತಾರೆ. ಮಿಸಾವೊ ಚಮಚವನ್ನೇ ನೋಡುತ್ತಿರುತ್ತಾರೆ, ಗಂಡನ ಮುಖವನ್ನಲ್ಲ. ಜಾರಲಿಲ್ಲ. ಎಯ್ಕಿಚಿ ನುಂಗಿ ತಲೆಯಾಡಿಸಿದರೆ ಆ ಚಮಚ ಪಾಸಾದಂತೆ.

"ಇವರ ಈ ಕೈಯೇ ನನ್ನ ಅಳತೆಗೋಲು," ಎನ್ನುತ್ತಾರೆ ಮಿಸಾವೊ. "ಗಟ್ಟಿ ಕೈಯವ್ರಿಗೆ ಕೊಟ್ರೆ ಏನು ಗೊತ್ತಾಗತ್ತೆ? ಅವ್ರು ಮೊಳೆ ಕೊಟ್ರೂ ಹಿಡೀತಾರೆ."

ಇಂಥ ಎಂಬತ್ಮೂರು ಚಮಚಗಳು ಇಲ್ಲಿಯವರೆಗೆ ಈ ಮನೆಗೆ ವಾಪಸು ಬಂದು, ಹೊಳಪು ಕಳೆದುಕೊಂಡು, ಎಯ್ಕಿಚಿ ಅವರ ಕೈಯಲ್ಲಿ ಪಾಸಾಗಿ, ತಮ್ಮ ತಮ್ಮ ಮನೆಗೆ ಮರಳಿವೆ. ಒಟ್ಟು ಇರುವುದು ಆರುನೂರು. ಆ ಆರುನೂರಕ್ಕೂ ಮೂವತ್ಮೂರು ವರ್ಷದ ಹಿಂದೆ ಹೊಳಪು ಕೊಟ್ಟವರು ಮಿಸಾವೊ ಅವರೇ. ಕೊಡಬಾರದಿತ್ತು ಎನ್ನುವುದೇ ಅವರ ಕೊರಗು.

ಹತ್ತೊಂಬತ್ತನೇ ವಯಸ್ಸಿಗೆ ಮದುವೆಯಾಗಿ ಈ ಓಣಿಗೆ ಬಂದಾಗ ಇಲ್ಲಿ ಹದಿನಾಲ್ಕು ಪಾಲಿಶ್ ಶೆಡ್ಡುಗಳಿದ್ದವು. ಬೆಳಿಗ್ಗೆ ಎದ್ದರೆ ಓಣಿಯೆಲ್ಲ ಜೇನುಗೂಡಿನಂತೆ ಗುಂಯ್ಗುಡುತ್ತಿತ್ತು. ಸಂಜೆ ಮಸಿಮುಖದವರೆಲ್ಲ ದಪ್ಪ ಶಾವಿಗೆಯ ಬಟ್ಟಲು ತರಿಸಿಕೊಂಡು, ಮೇಲೆ ತೇಲುವ ಹಂದಿಕೊಬ್ಬನ್ನು ಊದಿ ಊದಿ ಸುರಿಯುತ್ತಿದ್ದರು. ಯಾರ ಗಂಡ ಯಾರು ಎಂದು ದನಿ ಕೇಳಿಯೇ ತಿಳಿಯಬೇಕು. ನಾರಿನ ಚಕ್ರದಲ್ಲಿ ಒರಟು ತೆಗೆಯುವುದು ಎಯ್ಕಿಚಿ, ಬಟ್ಟೆಯ ಚಕ್ರದಲ್ಲಿ ಹೊಳಪು ಕೊಡುವುದು ಮಿಸಾವೊ. ಇಬ್ಬರೂ ಸೇರಿ ದಿನಕ್ಕೆ ಎಂಟುನೂರು ಚಮಚ. ಈಗ ಓಣಿಯಲ್ಲಿ ಉಳಿದಿರುವುದು ಎರಡು ಶೆಡ್ಡು. ಮಿಸಾವೊ ಒಬ್ಬರೇ ದಿನಕ್ಕೆ ನೂರೈವತ್ತು ಮುಗಿಸಿದರೆ ಹೆಚ್ಚು.

ಚಮಚದ ಮೇಲೆ ಕಾರ್ಖಾನೆಯ ಹೆಸರಿರುತ್ತದೆ, ಕೆಲವೊಮ್ಮೆ ವಿನ್ಯಾಸ ಮಾಡಿದವರ ಹೆಸರೂ ಇರುತ್ತದೆ. ಪಾಲಿಶ್‌ನವರ ಹೆಸರು ಎಲ್ಲೂ ಇರುವುದಿಲ್ಲ. ಅದರ ಬಗ್ಗೆ ಕೇಳಿದರೆ ಮಿಸಾವೊಗೆ ನಗು. "ಹೆಸ್ರು ಹಾಕಿದ್ರೆ ಅದನ್ನೂ ನಾನೇ ಉಜ್ಜಬೇಕಲ್ಲ."

ತೋರು ಹಿರಾನುಮಾ ಎಂಬ ಟೋಕ್ಯೊದ ವಿನ್ಯಾಸಕಾರ ಈ ಶೆಡ್ಡಿಗೆ ಬಂದದ್ದು ಒಂದು ವಸಂತದಲ್ಲಿ. ಚಮಚದ ಕಾರ್ಖಾನೆಯ ಯಜಮಾನರು ಕರೆದುಕೊಂಡು ಬಂದು, "ಇವರು ಮೂರು ದಿನ ಇಲ್ಲಿ ಕೂತು ನೋಡ್ತಾರಂತೆ," ಎಂದು ಬಿಟ್ಟು ಹೋದರಂತೆ. ಸಣಕಲು ಮನುಷ್ಯ, ನಲವತ್ತರ ಆಸುಪಾಸು. ಮಧ್ಯಾಹ್ನಕ್ಕೆ ಅನ್ನದ ಉಂಡೆ ತಾನೇ ಕಟ್ಟಿಕೊಂಡು ಬರುತ್ತಿದ್ದರು. ಚಹಾ ಕೊಟ್ಟರೆ ಎರಡು ಕೈಯಲ್ಲಿ ಹಿಡಿದು ಕುಡಿದು, ಲೋಟವನ್ನು ತೊಳೆದಿಟ್ಟೇ ಕೂರುತ್ತಿದ್ದರು. ಮಾತು ಬಹಳ ಕಡಿಮೆ. ಅವರ ಕಣ್ಣು ಯಾರ ಮುಖದ ಮೇಲೂ ಇರುತ್ತಿರಲಿಲ್ಲ, ಕೈಗಳ ಮೇಲೇ ಇರುತ್ತಿತ್ತು.

ಪಾರ್ಶ್ವವಾಯು ಆದವರ ವಾರ್ಡುಗಳಲ್ಲಿ ಎರಡು ವರ್ಷ ಕೂತು ಅವರು ಊಟ ಮಾಡುವವರ ಕೈ ನೋಡಿದ್ದರಂತೆ. ಆ ಎರಡು ವರ್ಷದಿಂದ ಹುಟ್ಟಿದ್ದು ಒಂದು ಚಮಚ. ಅದರಲ್ಲಿ ಹೂವಿಲ್ಲ, ಬಳ್ಳಿಯಿಲ್ಲ, ಗೆರೆಯಿಲ್ಲ, ಹೆಸರಿಲ್ಲ. ಅಂಗಡಿಯಲ್ಲಿಟ್ಟರೆ ಜನ ದಾಟಿಕೊಂಡು ಮುಂದೆ ಹೋಗುತ್ತಾರೆ. ಆದರೆ ಮೇಜಿನ ಮೇಲಿಟ್ಟರೆ ಹಿಡಿಕೆಯ ತುದಿ ಒಂದು ಬೆರಳಿನಷ್ಟು ಮೇಲೆದ್ದು ನಿಲ್ಲುತ್ತದೆ, ಮಡಚಲಾಗದ ಬೆರಳೂ ಅದರಡಿಗೆ ನುಸುಳಬಹುದು. ಬಟ್ಟಲಿನ ಅಂಚು ತುಟಿಗೆ ತಾಗಿದ್ದೇ ಗೊತ್ತಾಗುವುದಿಲ್ಲ. ವಿಶೇಷ ಚಮಚ ಎಂದು ಪಕ್ಕದಲ್ಲಿ ಕೂತವರಿಗೆ ಅನ್ನಿಸಬಾರದು, ಕಾಯಿಲೆಯವರು ಎಲ್ಲರ ಜೊತೆ ಎಲ್ಲರಂತೆಯೇ ಉಣ್ಣಬೇಕು, ಅದು ಅವರ ಆಸೆ. ಮೂರು ದಿನದಲ್ಲಿ ಅವರು ಆಡಿದ ಒಂದೇ ಉದ್ದದ ಮಾತು ಮಿಸಾವೊಗೆ ಇನ್ನೂ ನೆನಪಿದೆ: "ಉಂಡವರಿಗೆ ಊಟ ನೆನಪಿರಬೇಕು ನೋಡಿ. ಚಮಚ ಮರೆತುಹೋಗಬೇಕು."

ಮೂರನೆಯ ದಿನ ಹಿರಾನುಮಾ ಸಂಕೋಚಪಡುತ್ತ, ತಾನೂ ಒಮ್ಮೆ ಚಕ್ರದ ಮುಂದೆ ಕೂರಬಹುದೇ ಎಂದು ಕೇಳಿದರು. ಮಿಸಾವೊ ಸ್ಟೂಲು ಬಿಟ್ಟುಕೊಟ್ಟರು. ಚಮಚ ಎರಡು ಸಲ ಕೈಜಾರಿ ಗೋಡೆಗೆ ಬಡಿಯಿತು. ಮೂರನೆಯದು ಹೇಗೋ ಹೊಳೆಯಿತು, ಅಲ್ಲಲ್ಲಿ ಮಂಕು ಉಳಿಸಿಕೊಂಡು. ಗಂಡಹೆಂಡತಿ ಇಬ್ಬರೂ ನಕ್ಕರು. ಅವರೂ ನಕ್ಕರು. ಮಿಸಾವೊ ಪ್ರಕಾರ ಮುಂದಿನ ತಪ್ಪಿಗೆ ಬೀಜ ಬಿದ್ದದ್ದು ಆ ನಗುವಿನಲ್ಲೇ.

ಎರಡು ತಿಂಗಳಾದ ಮೇಲೆ ಕಾರ್ಖಾನೆಯಿಂದ ಆರುನೂರು ಚಮಚ ಬಂದವು. ಪಾಲಿಶ್‌ನವರಿಗೆ ನಕ್ಷೆ ಬರುವುದಿಲ್ಲ, ಮಾದರಿ ಬರುತ್ತದೆ. ಅದನ್ನು ಹಿರಾನುಮಾ ತಾವೇ ಟೋಕ್ಯೊದಲ್ಲಿ ಪಾಲಿಶ್ ಮಾಡಿ ಕಳಿಸಿದ್ದರು. ಮಿಸಾವೊ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಪರವಾಗಿಲ್ಲ, ಕಲಿತಿದ್ದಾರೆ ಅನ್ನಿಸಿತು. ಹಿಡಿಕೆಯ ಅಡಿಭಾಗದಲ್ಲಿ ಮಾತ್ರ ಉಗುರಿನಷ್ಟು ಜಾಗ ಮಂಕಾಗಿ ಉಳಿದಿತ್ತು. ಪಾಪ, ಕೈ ತಲುಪಿಲ್ಲ ಎಂದುಕೊಂಡರು.

ಈ ಕಸುಬಿನವರಲ್ಲಿ ಒಂದು ರಿವಾಜಿದೆ. ಹಿಂದಿನವರ ಕೈತಪ್ಪು ಕಂಡರೆ ಬಾಯಿಬಿಟ್ಟು ಹೇಳಬಾರದು. ತನ್ನ ಚಕ್ರದಲ್ಲಿ ತಿದ್ದಿ, ಏನೂ ಆಗಿಲ್ಲದಂತೆ ಮುಂದೆ ಕಳಿಸಬೇಕು. ತಪ್ಪು ಮಾಡಿದವನಿಗೂ ಅದು ಗೊತ್ತಾಗಬಾರದು. ಮಿಸಾವೊಗೆ ಇದನ್ನು ಕಲಿಸಿದ್ದು ಅವರ ಅತ್ತೆ, ಬೈದು ಹೊಡೆದು ಕಲಿಸಿದ್ದಲ್ಲ, ಸೊಸೆಯ ಎಷ್ಟೋ ತಪ್ಪುಗಳನ್ನು ಸದ್ದಿಲ್ಲದೆ ತಿದ್ದಿ ಕಳಿಸಿ ಕಲಿಸಿದ್ದು.

ಎಯ್ಕಿಚಿಗೆ ಮಾತ್ರ ಅವತ್ತೇ ಒಂದು ಅನುಮಾನ ಬಂದಿತ್ತು. ಮಂಕು ಬಹಳ ಅಚ್ಚುಕಟ್ಟಾಗಿದೆ, ಅಂಚು ನೋಡು, ಕೈತಪ್ಪಿನದು ಹೀಗಿರುವುದಿಲ್ಲ ಎಂದು ಅವರು ಹೆಂಡತಿಗೆ ಹೇಳಿದರು. "ಒಂದ್ಸಲ ಫೋನ್ ಮಾಡಿ ಕೇಳೇ."

"ಕೇಳಿ ಆ ಮನುಷ್ಯನ ಮಾನ ಕಳೀಬೇಕಾ?" ಎಂದುಬಿಟ್ಟರು ಮಿಸಾವೊ.

ಫೋನು ಇದ್ದದ್ದು ಸ್ಟೂಲಿನಿಂದ ನಾಲ್ಕು ಹೆಜ್ಜೆ ದೂರದ ಗೋಡೆಯ ಮೇಲೆ. ಈಗಲೂ ಅಲ್ಲೇ ಇದೆ. ಆ ನಾಲ್ಕು ಹೆಜ್ಜೆಯನ್ನು ಮಿಸಾವೊ ನಡೆಯಲಿಲ್ಲ. ಒಂದು ದಿನದಲ್ಲಿ ಮುಗಿಯುವ ಕೆಲಸಕ್ಕೆ ಐದು ದಿನ ಕೂತು ಆರುನೂರು ಚಮಚಗಳ ಮೈಯೆಲ್ಲ ಕನ್ನಡಿ ಮಾಡಿದರು. ಅಡಿಯ ಆ ಜಾಗಕ್ಕೆ ಎರಡು ಸುತ್ತು ಹೆಚ್ಚೇ ಕೊಟ್ಟರು, ಟೋಕ್ಯೊದವರ ಮರ್ಯಾದೆ ಉಳಿಯಲಿ ಎಂದು.

ಒಯ್ಯಲು ಹಿರಾನುಮಾ ತಾವೇ ಬಂದರು. ಒಂದು ಚಮಚ ಕೈಗೆತ್ತಿಕೊಂಡರು. ಹೆಬ್ಬೆರಳು ಮೇಲೆ, ನಡುಬೆರಳು ಅಡಿಗೆ ಹೋಯಿತು. ಹೋಗಿ ಅಲ್ಲೇ ನಿಂತಿತು. ಆ ಬೆರಳು ಹಿಂದೆ ಮುಂದೆ ಸರಿದಾಡಿ ಏನನ್ನೋ ಹುಡುಕಿದ್ದನ್ನು ಮಿಸಾವೊ ನೋಡಿದ್ದಾರೆ. ನೋಡಿಯೂ ಅವತ್ತು ಅರ್ಥವಾಗಲಿಲ್ಲ. ಎರಡನೆಯ ಚಮಚ, ಮೂರನೆಯ ಚಮಚ. ಆಮೇಲೆ ಅವರು ಸೊಂಟ ಬಗ್ಗಿಸಿ ನಮಸ್ಕರಿಸಿದರು. "ಇಂಥ ಹೊಳಪು ನಾನು ಎಲ್ಲೂ ನೋಡಿಲ್ಲ. ತುಂಬ ಶ್ರಮ ಪಟ್ಟಿದ್ದೀರಿ," ಎಂದರು. ಆರುನೂರು ಚಮಚ ಕಾಯುತ್ತಿದ್ದ ವಾರ್ಡುಗಳಿದ್ದವು, ಕಪ್ಪುಮುಖದ ಒಬ್ಬ ಹೆಂಗಸು ಹಲ್ಲು ಬಿಟ್ಟು ಎದುರಿಗೆ ನಿಂತಿದ್ದಳು. ಅವರು ಇನ್ನೇನು ಹೇಳಿಯಾರು? ಮಿಸಾವೊ ಖುಷಿಯಲ್ಲಿ ದಪ್ಪ ಶಾವಿಗೆ ತರಿಸಿದರು. ಹಿರಾನುಮಾ ಕೊಬ್ಬಿನ ಒಂದು ಹನಿಯನ್ನೂ ಬಿಡದೆ ಉಂಡು ಹೋದರು. ಮತ್ತೆ ಬರಲಿಲ್ಲ.

ಮಾರನೆಯ ವರ್ಷ ಅದೇ ಚಮಚದ ಕೆಲಸ ದೂರದ ಇನ್ನೊಂದು ಊರಿನ ಪಾಲಿಶ್‌ನವರಿಗೆ ಹೋಯಿತೆಂದು ಸುದ್ದಿ ಬಂತು. ಮಿಸಾವೊಗೆ ಮೈ ಉರಿದುಹೋಯಿತು. ಓಣಿಯಲ್ಲಿ ಸಿಕ್ಕವರ ಹತ್ತಿರವೆಲ್ಲ ಆಡಿಕೊಂಡರು. "ಬೈದಿದ್ದೇ ಬೈದಿದ್ದು," ಎನ್ನುತ್ತಾರೆ ಈಗ, ಕಪ್ಪು ಬೆರಳುಗಳನ್ನು ಮಡಿಲಲ್ಲಿ ಜೋಡಿಸಿಕೊಂಡು. "ಎದುರಿಗೆ ಹೊಗಳ್ತಾರೆ, ಹಿಂದೆ ಹೋಗಿ ಕೆಲಸ ಕಿತ್ಕೊಳ್ತಾರೆ, ಟೋಕ್ಯೊದವ್ರ ಬುದ್ಧೀನೇ ಅಷ್ಟು ಅಂತ. ಇಪ್ಪತ್ಮೂರು ವರ್ಷ ಬೈದೆ. ಆ ಮನುಷ್ಯ ಬದುಕಿರೋ ತನಕ ಬೈದೆ."

ತಪ್ಪು ಗೊತ್ತಾದದ್ದು ಗಂಡ ಬಿದ್ದ ಮೇಲೆ. ಆಸ್ಪತ್ರೆಯಲ್ಲಿ ಎಯ್ಕಿಚಿಗೆ ಕೈಯಾಡಿಸಲು ಕಲಿಸುತ್ತಿದ್ದ ಮುರೊಯಿ ಎಂಬ ಯುವತಿ ಒಂದು ಸಾದಾ ಚಮಚ ಕೊಟ್ಟರು. ಮೂರು ವಾರ ಯಾವುದನ್ನೂ ಹಿಡಿಯದ ಕೈ ಅದನ್ನು ಹಿಡಿಯಿತು. ಮಿಸಾವೊ ನೋಡುತ್ತಾರೆ, ಅದೇ ಚಮಚ! ಹಿರಾನುಮಾ ಅವರದು. ಹಳೆಯ ಸಿಟ್ಟು ಒಂದು ಕಡೆ, ಹೆಮ್ಮೆ ಇನ್ನೊಂದು ಕಡೆ. ಮನೆಗೆ ಕರೆತಂದ ದಿನ, ಮೊದಲ ಕಂತಿನಲ್ಲಿ ನೆನಪಿಗೆಂದು ಎತ್ತಿಟ್ಟುಕೊಂಡಿದ್ದ ಒಂದು ಚಮಚವನ್ನು ಕಪಾಟಿನಿಂದ ತೆಗೆದು, ಒರೆಸಿ, ಗಂಜಿಯ ಪಕ್ಕದಲ್ಲಿಟ್ಟರು. ನಾನೇ ಪಾಲಿಶ್ ಮಾಡಿದ್ದು, ಇದರಲ್ಲಿ ಉಣ್ಣಿ ಎಂದರು.

ಚಮಚ ಜಾರಿತು. ಎತ್ತಿಕೊಟ್ಟರು. ಮತ್ತೆ ಜಾರಿತು. ಗಂಜಿ ಚಾಪೆಯ ಮೇಲೆಲ್ಲ ಚೆಲ್ಲಿತು. ಆಸ್ಪತ್ರೆಯವರು ಜೊತೆಗೆ ಕೊಟ್ಟು ಕಳಿಸಿದ್ದನ್ನು ಹಿಡಿಯುವ ಕೈ ಇದನ್ನು ಹಿಡಿಯಲೊಲ್ಲದು. ಎಯ್ಕಿಚಿ ಎರಡೂ ಚಮಚಗಳನ್ನು ತೊಡೆಯ ಮೇಲಿಟ್ಟುಕೊಂಡು, ಚೆನ್ನಾಗಿರುವ ಎಡಗೈ ಬೆರಳಿನಿಂದ ಬಹಳ ಹೊತ್ತು ಸವರಿದರು. ನಲವತ್ತು ವರ್ಷ ಉಕ್ಕು ಸವರಿದ ಬೆರಳು ಅದು. ಆಮೇಲೆ ಅರ್ಧ ಬಾಯಿಯಲ್ಲಿ ಹೇಳಿದರು.

"ಅಳಿಸ್ಬಿಟ್ಟಿದೀಯ ಕಣೇ."

ಮಿಸಾವೊ ಎರಡನ್ನೂ ಕಿತ್ತುಕೊಂಡು ಕಿಟಕಿಯ ಹತ್ತಿರ ಓಡಿದರು. ಆಸ್ಪತ್ರೆಯ ಚಮಚದ ಅಡಿಯಲ್ಲಿ ಉಗುರಿನಷ್ಟು ಮಂಕು, ಅಚ್ಚುಕಟ್ಟಾಗಿ. ಕಣ್ಣಿಗೆ ಬೀಳದ ಕಡೆ ಇಟ್ಟದ್ದು. ಮರಗಟ್ಟಿದ ಬೆರಳಿಗೆ ಹಿಡಿಯಬೇಕಾದ ಜಾಗ ಇದು ಎಂದು ಹೇಳಲು ಇಟ್ಟದ್ದು. ತಾವು ಕೈತಪ್ಪು ಎಂದುಕೊಂಡದ್ದೇ ಆ ಚಮಚದ ಜೀವ. ವಾರ್ಡುಗಳಲ್ಲಿ ಕೂತು ನೋಡಿದ ಎರಡು ವರ್ಷವನ್ನು ತಾವು ಐದು ದಿನದಲ್ಲಿ ಉಜ್ಜಿ ತೆಗೆದಿದ್ದರು.

ಅವತ್ತೇ ಹಿರಾನುಮಾಗೆ ಪತ್ರ ಬರೆದರು. ಬರೆದು ಹರಿದು, ಬರೆದು ಹರಿದು, ನಾಲ್ಕನೆಯದನ್ನು ಕಳಿಸಿದರು. ಉತ್ತರ ಬಂದದ್ದು ಅವರ ಮಗಳಿಂದ. ತಂದೆ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡರು ಎಂದಿತ್ತು. ಅವರ ಮೇಜಿನ ಮೇಲೆ ತ್ಸುಬಾಮೆಯ ಹೊಳೆಯುವ ಚಮಚವೊಂದು ಕೊನೆಯವರೆಗೂ ಇತ್ತಂತೆ. ಯಾರಾದರೂ ಕೇಳಿದರೆ, ಅಲ್ಲಿ ನಾನು ಒಂದು ಮಾತು ಮೊದಲೇ ಹೇಳಬೇಕಿತ್ತು, ನಕ್ಕವರ ಮುಂದೆ ಪಾಠ ಹೇಳಿದಂತಾಗುತ್ತದೆಂದು ಸುಮ್ಮನಾದೆ ಎನ್ನುತ್ತಿದ್ದರಂತೆ. ತಪ್ಪು ಪಾಲಿಶ್‌ನವರದು ಎಂದು ಒಮ್ಮೆಯೂ ಅನ್ನಲಿಲ್ಲವಂತೆ.

"ಅವರೂ ನನ್ನ ಮರ್ಯಾದೆ ನೋಡಿದ್ರು, ನಾನೂ ಅವರ ಮರ್ಯಾದೆ ನೋಡ್ದೆ," ಎನ್ನುತ್ತಾರೆ ಮಿಸಾವೊ. "ಇಬ್ರ ಮರ್ಯಾದೆ ಮಧ್ಯ ಯಾರೋ ಕೈಲಾಗದವ್ರು ಅನ್ನ ಚೆಲ್ಕೊಂಡ್ರು. ಎಷ್ಟು ಜನವೋ. ಎಷ್ಟು ಸಲವೋ."

ಎಯ್ಕಿಚಿ ಗೋಡೆ ಕಡೆ ಮುಖ ಮಾಡಿಕೊಂಡು ಗೊಣಗುತ್ತಾರೆ. "ಫೋನ್ ಮಾಡು ಅಂದಿದ್ದೆ."

"ಅಂದಿದ್ರಿ. ಒಂಬತ್ತು ವರ್ಷದಿಂದ ದಿನಾ ಅಂತಾನೂ ಇದೀರಿ."

ಎರಡು ವರ್ಷದ ಹಿಂದೆ ಮುರೊಯಿ ಅವರು ಮಿಸಾವೊ ಅವರನ್ನು ಟೋಕ್ಯೊಗೆ ಕರೆದುಕೊಂಡು ಹೋಗಿದ್ದರು, ದಿನಬಳಕೆಯ ಸಾಮಾನುಗಳ ವಿನ್ಯಾಸದ ಒಂದು ಪ್ರದರ್ಶನಕ್ಕೆ. ಬಿಳಿ ಗೋಡೆ, ಬಿಳಿ ಬಟ್ಟೆ, ಗಾಜಿನ ಪೆಟ್ಟಿಗೆ. ಒಳಗೆ ಹಿರಾನುಮಾ ಚಮಚ. ಕೆಳಗಿನ ಚೀಟಿಯಲ್ಲಿ ಮೊದಲ ಕಂತಿನ ಆರುನೂರರಲ್ಲಿ ಒಂದು, ಬಹಳ ಅಪರೂಪದ್ದು ಎಂದು ಬರೆದಿತ್ತು. ಎಳೆಯ ವಯಸ್ಸಿನ ಜೋಡಿಯೊಂದು ಪಕ್ಕದಲ್ಲಿ ನಿಂತು, ಎಷ್ಟು ಸರಳ, ಎಷ್ಟು ಯೋಚಿಸಿ ಮಾಡಿದ್ದಾರೆ ಎಂದು ಪಿಸುಗುಟ್ಟಿತು. ತಮ್ಮ ತಪ್ಪು ದೀಪದ ಕೆಳಗೆ ಫಳಫಳ ಹೊಳೆಯುತ್ತಿರುವುದನ್ನು ಮಿಸಾವೊ ನೋಡುತ್ತ ನಿಂತರು. ಮುಟ್ಟಿದರಲ್ಲವೇ ಗೊತ್ತಾಗುವುದು? ಗಾಜಿನೊಳಗಿಟ್ಟರೆ ಅದು ಜಾರುವುದೂ ಇಲ್ಲ, ಯಾರ ಅನ್ನವೂ ಚೆಲ್ಲುವುದಿಲ್ಲ. ಅಲ್ಲಿದ್ದ ಕಾವಲಿನವರನ್ನು ಕೇಳಬೇಕೆಂದು ಬಾಯಿಯವರೆಗೆ ಬಂತಂತೆ, ಇದನ್ನು ನನಗೆ ಹತ್ತು ನಿಮಿಷ ಕೊಡ್ತೀರಾ ಎಂದು. ಕೇಳಲಿಲ್ಲ. ಅವತ್ತೇ ಊರಿನ ರೈಲು ಹತ್ತಿದರು.

ವಾಪಸು ಬಂದವರು ಮಾಡಿದ ಮೊದಲ ಕೆಲಸ, ಮುರೊಯಿ ಅವರ ಕೈಯಲ್ಲಿ ಒಂದು ಚೀಟಿ ಬರೆಸಿದ್ದು. ಹಿರಾನುಮಾ ಚಮಚ ಇರುವವರು ಹಿಡಿಕೆಯ ಅಡಿಭಾಗ ಬೆರಳಿನಿಂದ ಸವರಿ ನೋಡಿ, ನುಣುಪಾಗಿದ್ದರೆ ದಯವಿಟ್ಟು ಕಳಿಸಿ, ಸರಿಮಾಡಿ ಹಿಂದಿರುಗಿಸುತ್ತೇನೆ, ಖರ್ಚೆಲ್ಲ ನನ್ನದು. ಕೆಳಗೆ ಹೆಸರು, ವಿಳಾಸ. ಐವತ್ಮೂರು ವರ್ಷದಲ್ಲಿ ಮಿಸಾವೊ ಹೆಸರು ಒಂದು ಚಮಚದ ಜೊತೆ ಅಚ್ಚಾದದ್ದು ಅದೇ ಮೊದಲು. ಚೀಟಿ ವೃದ್ಧಾಶ್ರಮಗಳ ಊಟದ ಕೋಣೆಗಳಿಗೆ ಹೋಯಿತು, ಆಸ್ಪತ್ರೆಗಳಿಗೆ ಹೋಯಿತು, ಊರಿನ ತಿಂಗಳ ಪತ್ರಿಕೆಯಲ್ಲಿ ಮೂರು ಸಾಲು ಬಂತು. ಮೊದಲ ತಿಂಗಳು ಎರಡೇ ಚಮಚ. ಆಮೇಲೆ ಒಂದೊಂದಾಗಿ ಬರತೊಡಗಿದವು. ಕೆಲವದರ ಜೊತೆ ಒಣಗಿಸಿ ಖರ್ಜೂರದಂತಾದ ಪರ್ಸಿಮನ್ ಹಣ್ಣಿನ ಪೊಟ್ಟಣ, ಕೆಲವದರ ಜೊತೆ ಪತ್ರ. ನಮ್ಮ ತಾಯಿ ಈಗಿಲ್ಲ, ಆದರೂ ಕಳಿಸುತ್ತಿದ್ದೇವೆ ಎನ್ನುವ ಪತ್ರಗಳೇ ಹೆಚ್ಚು. ಅಂಥವನ್ನು ಓದಿದ ದಿನ ಮಿಸಾವೊ ಚಕ್ರ ತಿರುಗಿಸುವುದಿಲ್ಲ.

ಈಗ ಅವರಿಗೆ ಹೊತ್ತು ಸಾಲದು. ಐದು ದಶಕ ಮೋಟಾರಿನ ಅದುರು ತಿಂದ ಬೆರಳುಗಳು ಚಳಿ ಬಿದ್ದ ಕೂಡಲೇ ಬೆಳ್ಳಗೆ ಸುಣ್ಣದ ಕಡ್ಡಿಯಾಗುತ್ತವೆ. ಆಗ ಅವಕ್ಕೆ ಏನೂ ತಿಳಿಯುವುದಿಲ್ಲ, ಬಿಸಿಯೂ ಇಲ್ಲ, ತಣ್ಣಗೂ ಇಲ್ಲ. ಯಾಹಿಕೊ ಗುಡ್ಡದ ತಲೆ ಬೆಳ್ಳಗಾಗುವುದರೊಳಗೆ ಚಕ್ರ ನಿಲ್ಲಿಸಿ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಏಳು ಎಳೆತ ಸಾಕೋ ಇನ್ನೂ ಬೇಕೋ ಎಂದು ಹೇಳಬೇಕಾದದ್ದು ಬೆರಳೇ. ಬೆರಳು ಸತ್ತ ಮೇಲೆ ಉಜ್ಜುಕಾಗದ ಹಿಡಿದು ಏನು ಮಾಡುವುದು? ಐನೂರಕ್ಕಿಂತ ಹೆಚ್ಚು ಚಮಚಗಳು ಇನ್ನೂ ಎಲ್ಲೋ ಯಾರದೋ ಮೇಜಿನ ಖಾನೆಯಲ್ಲಿವೆ. ಉಕ್ಕಿಗೆ ಸಾವಿಲ್ಲ. ಆದರೆ ಅದನ್ನು ಹಿಡಿಯುವ ಕೈಗೂ, ಅದನ್ನು ಸರಿಮಾಡುವ ಕೈಗೂ ಸಾವಿದೆ.

ಇವತ್ತು ಬೆಳಿಗ್ಗೆ ಗಂಜಿ ಮುಗಿಯುವ ಹೊತ್ತಿಗೆ ಅಂಚೆಯವನು ಎಂಬತ್ನಾಲ್ಕನೆಯ ಚಮಚ ತಂದುಕೊಟ್ಟಿದ್ದಾನೆ. ಸಾದೊ ದ್ವೀಪದಿಂದ ಬಂದದ್ದು. ಕಳಿಸಿದವರು ಹೊನ್ಮಾ ಎಂಬುವರು. ಒಳಗೆ ಪತ್ರವಿಲ್ಲ, ಫೋನ್ ನಂಬರು ಮಾತ್ರ ಇದೆ. ಮಿಸಾವೊ ಶೆಡ್ಡಿನ ಸ್ಟೂಲಿನ ಮೇಲೆ ಕೂತು ಹಳೇ ಪತ್ರಿಕೆಯ ಸುತ್ತು ಬಿಚ್ಚಿ, ಚಮಚ ಕೈಗೆತ್ತಿಕೊಂಡು, ಮಗುಚಿ, ಬೆಳಕಿಗೆ ಹಿಡಿಯುತ್ತಾರೆ.

ಹಿಡಿಕೆಗೆ ದಾರ ಸುತ್ತಿದೆ. ನೀಲಿ ಹತ್ತಿಯ ದಾರ, ಒತ್ತೊತ್ತಾಗಿ, ಹದಿನೆಂಟು ಇಪ್ಪತ್ತು ಸುತ್ತು. ತೊಳೆದು ತೊಳೆದು ಬಣ್ಣ ಮಾಸಿದೆ. ಬಿಚ್ಚಿ ಹೋಗದಂತೆ ತುದಿಯನ್ನು ಒಳಗೆ ಹಾಯಿಸಿ ಗಂಟು ಹಾಕಿದೆ. ಸುತ್ತಿರುವ ಜಾಗ, ಹಿರಾನುಮಾ ಮಂಕು ಬಿಟ್ಟಿದ್ದರಲ್ಲ, ಒಂದು ಕೂದಲು ಆಚೀಚೆಯಾಗದೆ ಅದೇ ಜಾಗ. ಯಾವುದೋ ಒಂದು ಕೈ, ಯಾರೂ ಹೇಳದೆ, ತನಗೆ ಬೇಕಾದ್ದು ಎಲ್ಲಿ ಇರಬೇಕಿತ್ತು ಎಂದು ತಾನೇ ಕಂಡುಕೊಂಡು ಕಟ್ಟಿಕೊಂಡದ್ದು.

ಪಕ್ಕದ ಕುರ್ಚಿಗೆ ಬಂದು ಕೂತ ಎಯ್ಕಿಚಿ ಕೈ ಚಾಚಿ ಇಸಿದುಕೊಂಡು ಹಿಡಿದು ನೋಡುತ್ತಾರೆ. "ಜಾರಲ್ಲ," ಎಂದು ವಾಪಸು ಕೊಡುತ್ತಾರೆ.

ದಾರ ಬಿಚ್ಚಲು ಒಂದು ನಿಮಿಷ ಸಾಕು. ಕೆಳಗಿನ ಹೊಳಪು ತೆಗೆಯಲು ಏಳು ಎಳೆತ. ಕತ್ತರಿ ಪಕ್ಕದಲ್ಲೇ ಇದೆ. ಮಿಸಾವೊ ಕತ್ತರಿ ಎತ್ತಿಕೊಳ್ಳುತ್ತಾರೆ, ಗಂಟಿನ ಹತ್ತಿರ ತರುತ್ತಾರೆ. ಮತ್ತೆ ಕೆಳಗಿಟ್ಟು, ಸೊಂಟ ಹಿಡಿದುಕೊಂಡು ಎದ್ದು, ಗೋಡೆಯ ಫೋನಿನ ಹತ್ತಿರ ಹೋಗುತ್ತಾರೆ.

ಆ ಕಡೆಯಿಂದ ಬಂದದ್ದು ವಯಸ್ಸಾದ ಗಂಡಸಿನ ದನಿ. ಮಿಸಾವೊ ಹೆಸರು ಹೇಳಿ, ಚಮಚ ತಲುಪಿತೆಂದು ಹೇಳಿ, ಮೊದಲು ಕ್ಷಮೆ ಕೇಳುತ್ತಾರೆ, ಫೋನಿಗೇ ಬಗ್ಗಿ. ಆಮೇಲೆ ದಾರದ ವಿಷಯ ಎತ್ತುತ್ತಾರೆ. ದಾರ ಸುತ್ತಿದ್ದು ಅವರ ಹೆಂಡತಿಯಂತೆ. ಹನ್ನೊಂದು ವರ್ಷ ಅದರಲ್ಲೇ ಉಂಡರಂತೆ. ಒಂದು ಕೈ, ಹಲ್ಲು, ಅಷ್ಟರಲ್ಲೇ ಇಡೀ ಮಧ್ಯಾಹ್ನ ಕೂತು ಸುತ್ತಿದರಂತೆ, ತಾನು ಸಹಾಯಕ್ಕೆ ಹೋದರೆ ಬೈದು ಕಳಿಸಿದರಂತೆ. ಈ ಬೇಸಿಗೆಯಲ್ಲಿ ತೀರಿಕೊಂಡರು. ಆಸ್ಪತ್ರೆಯ ಗೋಡೆಯ ಮೇಲೆ ಚೀಟಿ ನೋಡಿದ್ದು ಅದಾದ ಮೇಲೆ.

 ಮಿಸಾವೊ ಫೋನಿನ ತಂತಿ ಬೆರಳಿಗೆ ಸುತ್ತಿಕೊಳ್ಳುತ್ತಾರೆ, ಬಿಡಿಸುತ್ತಾರೆ.

"ಒಂದು ಕೇಳ್ಲಾ," ಎನ್ನುತ್ತಾರೆ ಕೊನೆಗೆ. "ದಾರ ತೆಗೆದು ಸರಿಮಾಡ್ಲಾ, ಹೀಗೇ ಇರ್ಲಾ?"

ಆ ಕಡೆ ಏನು ಹೇಳಿದರೋ ಪೂರ್ತಿ ಕೇಳಿಸುವುದಿಲ್ಲ. ಮಿಸಾವೊ ಹೂಂ, ಹೂಂ ಎನ್ನುತ್ತ ತಲೆಯಾಡಿಸುತ್ತಾರೆ. ಫೋನು ಇಟ್ಟ ಮೇಲೆ ಹೇಳುತ್ತಾರೆ: ಹೀಗೇ ಇರಲಿ ಎಂದರಂತೆ. ಸರಿಮಾಡಿಸಲು ಕಳಿಸಿದ್ದೇ ಅಲ್ಲವಂತೆ. ಅವಳು ಹೇಗೆ ಸುತ್ತಿದ್ದಳು ಎಂದು ನೋಡಬೇಕಾದವರು ಯಾರಾದರೂ ನೋಡಲಿ, ಅಷ್ಟೇ ಇದ್ದದ್ದಂತೆ.

ಮಿಸಾವೊಗೆ ಈಗ ಉಳಿದಿರುವ ಆಸೆ ದೊಡ್ಡದೇನಲ್ಲ. ಹಿಮ ಬೀಳುವುದರೊಳಗೆ ಒಟ್ಟು ನೂರಾದರೂ ಮುಟ್ಟಬೇಕು ಎನ್ನುತ್ತಾರೆ. ಟೋಕ್ಯೊದ ಗಾಜಿನ ಪೆಟ್ಟಿಗೆಯಲ್ಲಿರುವುದನ್ನು ಕೊಡದಿದ್ದರೂ ಪರವಾಗಿಲ್ಲ, ಯಾರಾದರೂ ಅದನ್ನು ಮಗುಚಿ ಇಟ್ಟರೆ ಸಾಕು. ಅಡಿಭಾಗ ಮೇಲಾಗಲಿ, ಇಲ್ಲಿ ಏನೋ ಇರಬೇಕಿತ್ತು ಎಂದು ಒಬ್ಬರಿಗಾದರೂ ಅನ್ನಿಸಲಿ. ನಿಮ್ಮ ಮನೆಯಲ್ಲೋ ಗೊತ್ತಿದ್ದವರ ಮನೆಯಲ್ಲೋ ಅಂಥದೊಂದು ಚಮಚ ಇದ್ದರೆ ಬೆರಳಿನಿಂದ ಸವರಿ ನೋಡಿ ಎಂದು ಬರೆಯಿರಿ, ಅದೊಂದನ್ನು ಮಾತ್ರ ಮರೆಯಬೇಡಿ ಎಂದು ಎರಡೆರಡು ಸಲ ಹೇಳುತ್ತಾರೆ.

ನೀಲಿ ದಾರದ ಚಮಚವನ್ನು ಹೊಸ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ವಿಳಾಸ ಬರೆಯುತ್ತಾರೆ. ಎಯ್ಕಿಚಿ ಕುರ್ಚಿಯಿಂದ ಇಣುಕಿ ನೋಡಿ ಕೆಣಕುತ್ತಾರೆ. "ಏನೂ ಮಾಡ್ದೆ ವಾಪಸ್ ಕಳಿಸ್ತಿದೀಯ. ಇದನ್ನೂ ಎಣಿಸ್ಕೊಳ್ತೀಯಾ?"

ಮಿಸಾವೊ ಪೆಟ್ಟಿಗೆಯ ಮುಚ್ಚಳ ಒತ್ತುತ್ತಾರೆ. ಆಮೇಲೆ ಸ್ಟೂಲಿನ ಕಡೆ ನೋಡುತ್ತಾರೆ, ಅಲ್ಲಿಂದ ಗೋಡೆಯ ಫೋನಿನ ಕಡೆ.

"ನಾಲ್ಕೇ ಹೆಜ್ಜೆ," ಎನ್ನುತ್ತಾರೆ. "ಇವತ್ತು ನಡೆದೆ."